ಸಿದ್ದಾಪುರದ ಬೆನ್ನುಚೀಲ ಬಾಯಿ ಬಿಟ್ಟಾಗ

ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ರಸ್ತೆಯಲ್ಲಿ ಸಿದ್ದಾಪುರ. ಅಲ್ಲಿನ ಚಾದಂಗಡಿಯೊಂದರ ಮುಂದೆ ಎರಡೇ ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಪಾರ್ಸೆಲ್ ಕಂಪನಿಯ ಕಪ್ಪು ಬೆನ್ನುಚೀಲ. ಹೊಟ್ಟೆ ಉಬ್ಬಿದೆ, ಜಿಪ್ಪು ಅರ್ಧ ಕಿತ್ತಿದೆ, ಒಂದು ಪಟ್ಟಿಗೆ ಗೊಬ್ಬರದ ಚೀಲ ಹೊಲಿಯುವ ದಾರದ ಹೊಲಿಗೆ ಬಿದ್ದಿದೆ. ಹೊತ್ತು ತಂದ ಹುಡುಗ ನಿಂತುಕೊಂಡೇ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದ. ಕುರ್ಚಿ ಸಿಕ್ಕಿದ್ದು ಚೀಲಕ್ಕೆ, ಹುಡುಗನಿಗಲ್ಲ ಎಂದ ಮೇಲೆ ಸಂದರ್ಶನ ಯಾರ ಜೊತೆ ಎಂಬುದು ಅಲ್ಲೇ ತೀರ್ಮಾನವಾಯಿತು. ಹುಡುಗನ ಹೆಸರು ಬರೆಯಬಾರದು ಎನ್ನುವುದು ಚೀಲ ಹಾಕಿದ ಷರತ್ತು. ಕಂಪನಿಯ ಹೆಸರು ಚೀಲದ ಬೆನ್ನ ಮೇಲೆ ದೊಡ್ಡದಾಗಿಯೇ ಇತ್ತು, ಗದ್ದೆಯ ಕೆಸರು ಅದನ್ನು ಮುಚ್ಚಿತ್ತು. ಒರೆಸಲು ನಾನು ಹೋಗಲಿಲ್ಲ.

ನಾನು: ನಮಸ್ಕಾರ. ನಿಮ್ಮ ಪರಿಚಯ ಹೇಳಿ.

ಚೀಲ: ಶರಣ್ರಿ. ನಾನು ಕಂಪನಿ ಆಸ್ತಿ. ಈ ಹುಡುಗ ಅಲ್ಲ.

ನಾನು: ಅಂದರೆ?

ಚೀಲ: ನಾನು ಹರದ್ರ ರಿಜಿಸ್ಟರಿನಾಗ ಬರೀತಾರ, ಹುಡುಗನ ಲೆಕ್ಕದಾಗ ಹಿಡೀತಾರ. ಹುಡುಗನ ಬೆನ್ನು ಹರದ್ರ ಬರ್ಯಾಕ ರಿಜಿಸ್ಟರೇ ಇಲ್ರಿ. ಮ್ಯಾಲ ಕಂಪನಿ, ಅದರ ಕೆಳಗ ಗುತ್ತಿಗೆದಾರ, ಅವನ ಕೆಳಗ ಹಬ್ ನೋಡ್ಕೊಳ್ಳಾವ, ಅವನ ಕೆಳಗ ನಾನು, ನನ್ನ ಕೆಳಗ ಹುಡುಗ. ನೀವ ನೋಡ್ರಿ, ನಾನು ಅವನ ಮ್ಯಾಲ ಕುಂತೀನೋ ಇಲ್ಲೋ?

ನಾನು: ಸಿದ್ದಾಪುರದಲ್ಲಿ ಕೆಲಸ ಹೇಗಿದೆ?

ಚೀಲ: ಯಾವ ಸಿದ್ದಾಪುರ ಅಂತ ಮೊದಲ ಹೇಳ್ರಿ. ಉತ್ತರ ಕನ್ನಡದಾಗ ಒಂದೈತಿ, ತಾಲೂಕು ಕೇಂದ್ರ. ಕೊಡಗಿನ ಕಾಫಿ ತೋಟದಾಗ ಒಂದು. ಉಡುಪಿ ಜಿಲ್ಲಾದಾಗ ಮತ್ತೊಂದು. ನಾವು ಕೊಪ್ಪಳ ಜಿಲ್ಲಾ, ಕಾರಟಗಿ ತಾಲೂಕು. ಅದಕ್ಕೂ ಮೊದಲ ಗಂಗಾವತಿ ತಾಲೂಕು, 1997ರ ತನಕ ರಾಯಚೂರು ಜಿಲ್ಲಾ. ಹಿರ್ಯಾರು ವಿಳಾಸದಾಗ ಎಲ್ಲಾನೂ ಬರೀತಾರ, ಯಾವುದರ ಒಂದು ಹತ್ತಲಿ ಅಂತ. ಇಂಥಾ ಗೊಂದಲಕ್ಕಂತನ 1972ರ ಆಗಸ್ಟ್ 15ಕ್ಕ ಪಿನ್ ಕೋಡ್ ಬಂತು. ತಂದಾವರು ಶ್ರೀರಾಮ ಭಿಕಾಜಿ ವೇಲಣಕರ ಅಂತ, ಸಂಸ್ಕೃತದ ಕವಿ. ಕವಿ ಹಾಕಿದ ಲೆಕ್ಕ ಇವತ್ತಿಗೂ ಚಲೋ ನಡದೈತಿ. ಆದ್ರ ಗಿರಾಕಿ ಪಿನ್ ಕೋಡ್ ತಪ್ಪು ಒತ್ತಿದ್ರ ಕವಿ ಏನ್ ಮಾಡ್ಯಾನು? ಅಡಕಿ ಸುಲಿಯೋ ಕತ್ತಿ ಒಂದು ನನ್ನ ಹೊಟ್ಟ್ಯಾಗ ಬಂದು ಬಿದ್ದಿತ್ತು. ಈ ಭತ್ತದ ಸೀಮ್ಯಾಗ ಅಡಕಿ ಕತ್ತಿ ಯಾರಿಗೆ ಬೇಕ್ರಿ? ಶಿರಸಿ ಕಡೆ ಸಿದ್ದಾಪುರಕ್ಕ ಹೋಗೋದು ಅದು. ಊರೆಲ್ಲಾ ತಿರುಗಿಸಿ ಹೊಳ್ಳಿ ಕಳಿಸಿದ್ವಿ. ತಿರುಗಿಸಿದ್ದಕ್ಕೂ ರೊಕ್ಕ ಇಲ್ಲ, ಹೊಳ್ಳಿ ಕಳಿಸಿದ್ದಕ್ಕೂ ಇಲ್ಲ.

ನಾನು: ದಿನಚರಿ?

ಚೀಲ: ಮುಂಜಾನಿ ಏಳಕ್ಕ ಹಬ್ಬಿಗೆ. ಹಬ್ ಅಂದ್ರ ಹೈಫೈ ಅನ್ಕೋಬ್ಯಾಡ್ರಿ, ಮೊದಲ ಗೊಬ್ಬರದ ಗೋಡೌನ್, ಇನ್ನೂ ಯೂರಿಯಾ ವಾಸನಿ ಹೊಡೀತೈತಿ. ಲಾರಿ ಏಳಕ್ಕ ಬರಬೇಕು, ಒಂಬತ್ತಕ್ಕ ಬರ್ತೈತಿ. ಆ ಎರಡು ತಾಸು ಹುಡುಗರು ಕಟ್ಟಿ ಮ್ಯಾಲ ಕುಂತು ರೀಲ್ಸ್ ನೋಡ್ತಾರ. ಲಾರಿ ಬಂದ್ರ ಇಳಸ್ರಿ, ಆರಸ್ರಿ, ಸ್ಕ್ಯಾನ್ ಮಾಡ್ರಿ. ಮೊದಲನೇ ಪಾರ್ಸೆಲ್ ಗಿರಾಕಿ ಕೈಗೆ ಬೀಳೋದ್ರಾಗ ಹನ್ನೊಂದು. ಆಮ್ಯಾಲ ಗುಂಡೂರು, ಉಳೇನೂರು, ಈಳಿಗನೂರು, ಬೆನ್ನೂರು, ನಡುವ ಇದ್ದಬದ್ದ ಕ್ಯಾಂಪು. ಕತ್ತಲಾದ ಮ್ಯಾಲ ಹೊಳ್ಳಿ ಬಂದು ರೊಕ್ಕ ಎಣಿಸಿ ಕೊಡಬೇಕು. ಎಣಿಕ್ಯಾಗ ಐವತ್ತು ರೂಪಾಯಿ ಕಮ್ಮಿ ಬಿದ್ರ ಹುಡುಗನ ಕಿಸೆದಿಂದ. ಹೆಚ್ಚಿಗಿ ಬಿದ್ರ ಏನಾಗ್ತೈತಿ ಅಂತ ಗೊತ್ತಿಲ್ಲ, ಹೆಚ್ಚಿಗಿ ಬಿದ್ದದ್ದು ನಾನಂತೂ ನೋಡಿಲ್ಲ. ಮನಿಗೆ ಹೋಗೋದ್ರಾಗ ಒಂಬತ್ತೂವರಿ.

ನಾನು: ಹಾಗಿದ್ದರೆ ದಿನಕ್ಕೆ ಹದಿನಾಲ್ಕು ಗಂಟೆಗಿಂತ ಹೆಚ್ಚು ದುಡಿಮೆ.

ಚೀಲ: ಸರ, ನಿಮ್ಮ ಗಣಿತ ಹಳೇದು. ಇಲ್ಲಿ ದುಡಿಮಿ ತಾಸಿನಾಗಿಲ್ಲ, ಪೀಸಿನಾಗೈತಿ. ಪೀಸಿಗೆ ಹದಿನಾಲ್ಕು ರೂಪಾಯಿ ಅಂತ ಇಟ್ಕೊಳ್ರಿ. ಬಾಗಲ ಬಡದು, ಓಟಿಪಿ ಕೇಳಿ, ಕೈಗಿಡಾಕ ಎರಡು ನಿಮಿಷ. ಅಲ್ಲಿಗೆ ತಾಸಿಗೆ ನಾಲ್ಕುನೂರಾ ಇಪ್ಪತ್ತು! ಹೊಸ ಹುಡುಗರನ್ನ ಸೇರಿಸ್ಕೊಳ್ಳುವಾಗ ಈ ಲೆಕ್ಕಾನ ಹೇಳೋದು. ಈ ಬಾಗಲದಿಂದ ಆ ಬಾಗಲಕ್ಕ ಕಾಲುವಿ ದಂಡಿಗುಂಟ ಆರು ಕಿಲೋಮೀಟರ್ ಐತಿ ಅನ್ನೋದು ಆ ಲೆಕ್ಕದಾಗ ಬರಂಗಿಲ್ಲ. ಗಾಡಿ ಹುಡುಗಂದು, ಪೆಟ್ರೋಲ್ ಹುಡುಗಂದು, ಫೋನು, ನೆಟ್ಟು, ಪಂಕ್ಚರ್ ಎಲ್ಲಾ ಹುಡುಗಂದು. ಅವೆಲ್ಲಾ ಕಣ್ಣಿಗೆ ಕಾಣೋ ಖರ್ಚು, ಬಿಡ್ರಿ. ಕಾಣದ್ದು ತಾಸು. ಲಾರಿ ಎರಡು ತಾಸು ತಡ ಆದ್ರ ಕಂಪನಿಗೆ ಖರ್ಚೇನು? ಏನಿಲ್ಲ. ಗಿರಾಕಿ ಜಳಕಕ್ಕ ಹೋಗಿದ್ರ? ಏನಿಲ್ಲ. ಸರ್ವರ್ ಮಕ್ಕೊಂಡ್ರ? ಏನಿಲ್ಲ. ತಾಸಿಗಿಷ್ಟು ಅಂತ ರೊಕ್ಕ ಎಣಿಸೋ ಹಂಗಿದ್ರ ಆ ಲಾರಿ ಏಳಕ್ಕ ಐದು ನಿಮಿಷ ಮೊದಲ ಬಂದು ಹಾರ್ನ್ ಹೊಡೀತಿತ್ತು. ಪುಕ್ಕಟ ಸಿಗೋ ತಾಸನ್ನ ಯಾವ ಸಾವಕಾರ ಉಳಿಸ್ಯಾನ್ರಿ?

ನಾನು: 2023ರಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು.

ಚೀಲ: ಎರಡೂ ಸುದ್ದಿ ಈ ಹುಡುಗ ಲಾರಿ ಕಾಯ್ತಾ ಕುಂತಾಗ ಓದಿದ. ಎಪ್ಪತ್ತು ಅಂದಾಗ ‘ಅಬ್ಬಾ, ಕಡಿಮಿ ಮಾಡ್ತಾರಂತ’ ಅಂತ ಖುಷಿ ಪಟ್ಟ. ಆ ಇನ್ನೊಬ್ಬ ಸಾಹೇಬರು ಭಾನುವಾರ ಹೆಂಡತಿ ಮುಖ ಎಷ್ಟೊತ್ತು ನೋಡ್ತೀರಿ ಅಂತ ಕೇಳಿದ್ರಂತ. ಇವನಿಗೆ ಇನ್ನೂ ಕನ್ಯಾನ ಸಿಕ್ಕಿಲ್ರಿ. ಬೀಗರು ‘ಹುಡುಗ ಏನ್ ಮಾಡ್ತಾನ’ ಅಂತ ಕೇಳ್ತಾರ. ‘ಕಂಪನ್ಯಾಗ ಅದಾನ.’ ‘ಯಾವ ಕಂಪನಿ?’ ಇವ ತಿರುಗಿ ನಿಂತು ನನ್ನ ತೋರಸ್ತಾನ. ಅಲ್ಲಿಗೆ ಚಾ ಕುಡಿದು ಏಳ್ತಾರ.

ನಾನು: ವಿಳಾಸ ಹುಡುಕುವುದು ಕಷ್ಟವೆ?

ಚೀಲ: ಇದು ಕಾಲುವಿ ಕಟ್ಟಿದ ಸೀಮಿ. 1953ರಾಗ ತುಂಗಭದ್ರಾ ಡ್ಯಾಮ್ ಆತು, ಎಡದಂಡಿ ನೀರು ಬಂತು, ಆಂಧ್ರದ ಕರಾವಳಿ ಕಡೆ ರೈತರು ಬಂದು ಭೂಮಿ ತಗೊಂಡು ಕ್ಯಾಂಪ್ ಹಾಕ್ಕೊಂಡ್ರು. ಕ್ಯಾಂಪಿಗೆ ದೇವರ ಹೆಸರು ಇಟ್ರು. ಈ ತಾಲೂಕಿನಾಗ ಒಂದ ದೇವರಿಗೆ ಎಷ್ಟು ಕ್ಯಾಂಪ್ ಅದಾವು ಅಂತ ಆ ದೇವರಿಗೇ ಗೊತ್ತು. ಅಡ್ರೆಸ್ ಹೆಂಗ ಬರ್ತೈತಿ ಕೇಳ್ರಿ: ‘ಕಾಲುವೆ ಹತ್ತಿರ, ಬೇವಿನ ಮರದ ಎದುರು’. ಇಲ್ಲಿ ಕಾಲುವಿ ಹತ್ರ ಇಲ್ಲದ ಮನಿ ಯಾವುದೈತಿ? ಮ್ಯಾಪು ‘ನೀವು ತಲುಪಿದ್ದೀರಿ’ ಅಂತೈತಿ, ನಾವು ನೋಡಿದ್ರ ಗದ್ದಿ ನಡುವ ಮೊಣಕಾಲ್ಮಟ ನೀರಿನಾಗ. ಫೋನ್ ಮಾಡಿದ್ರ ಅಕ್ಕಾರು ತೆಲುಗಿನಾಗ ‘ಎವರಂಡಿ’ ಅಂತಾರ, ಇವ ಕನ್ನಡದಾಗ ‘ಪಾರ್ಸೆಲ್ರಿ’ ಅಂತಾನ, ಅಕ್ಕಿ ಮಿಲ್ಲಿನ ಬಿಹಾರದ ಹುಡುಗ ಬಂದು ಹಿಂದ್ಯಾಗ ದಾರಿ ತೋರಸ್ತಾನ. ರಾಷ್ಟ್ರೀಯ ಏಕತೆ ನೋಡಬೇಕಂದ್ರ ನನ್ನ ಹೊಟ್ಟಿ ನೋಡ್ರಿ: ಸೀರಿ ಸೂರತ್ತಿಂದು, ಚಾರ್ಜರ್ ದಿಲ್ಲಿಂದು, ಗಿರಾಕಿ ಸಿದ್ದಾಪುರದಾಂವ, ಬ್ಯಾಡ ಅನ್ನೋ ಮನಸು ಎಲ್ಲಾ ಕಡೆ ಒಂದ.

ನಾನು: ಬೇಡ ಅನ್ನುವುದೆಂದರೆ, ಕ್ಯಾಶ್ ಆನ್ ಡೆಲಿವರಿ?

ಚೀಲ: ಹೌದ್ರಿ. ಆರ್ಡರ್ ಮಾಡುವಾಗ ಸುಗ್ಗಿ ಕನಸು, ಪಾರ್ಸೆಲ್ ಬರುವಾಗ ಕಿಸೆ ಖಾಲಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋತು, ನೆನಪೈತಿ? ಆಮ್ಯಾಲ 33 ಗೇಟೂ ಬದಲಿ ಮಾಡಬೇಕಂತ 2025-26ರ ಬ್ಯಾಸಗಿ ಬೆಳಿಗೆ ನೀರ ಬಿಡಲಿಲ್ಲ. ಎರಡನೇ ಬೆಳಿ ಇಲ್ಲಂದ್ರ ‘ಈಗ ಬ್ಯಾಡ ತಮ್ಮಾ, ವಾಪಸ್ ಒಯ್ಯಿ’ ಅನ್ನಾವರ ತಪ್ಪೇನು ಹೇಳ್ರಿ? ನೀರು ನಿಂತದ್ದು ಕಾಲುವ್ಯಾಗ, ಭಾರ ಉಳಿದದ್ದು ನನ್ನ ಹೊಟ್ಟ್ಯಾಗ, ಪೀಸು ಹೋದದ್ದು ಹುಡುಗಂದು. ಡೆಲಿವರಿ ಕಮ್ಮಿ ಆತಂದ್ರ ಮ್ಯಾಲಿನವರು ‘ನಿನ್ನ ಪರ್ಫಾರ್ಮೆನ್ಸ್ ಸರಿ ಇಲ್ಲ’ ಅಂತಾರ. ಗೇಟಿನ ಪರ್ಫಾರ್ಮೆನ್ಸ್ ಯಾರೂ ಕೇಳಂಗಿಲ್ಲ. ಹಂಗ ನೋಡಿದ್ರ ಮುನಿರಾಬಾದ್–ಮೆಹಬೂಬನಗರ ರೈಲು 1990ರ ದಶಕದಾಗ ಮಂಜೂರಾಗಿದ್ದು, ಗಂಗಾವತಿಗೆ ಬಂದದ್ದು 2019ಕ್ಕ. ಅದಕ್ಕ ಯಾರರ ಒಂದು ಸ್ಟಾರ್ ಕೊಟ್ಟಾರೇನು?

ನಾನು: ನಿಮ್ಮ ಈ ವೃತ್ತಿಗೆ ಆದರ್ಶ ಪುರುಷರು ಯಾರಾದರೂ?

ಚೀಲ: ಇಲ್ಲೇ ಗಂಗಾವತಿ ತಾಲೂಕಿನಾಂವ, ಅಂಜನಾದ್ರಿ ಹನುಮಪ್ಪ. 575 ಮೆಟ್ಟಲ ಹತ್ತಿ ನೋಡಿ ಬರ್ರಿ. ಸಮುದ್ರ ಹಾರಿ ಹೋಗಿ ಉಂಗುರ ಕೊಟ್ಟ, ಸೀತವ್ವ ಅದನ್ನ ನೋಡಿದ ಮ್ಯಾಲ ನಂಬಿದ್ಲು. ಓಟಿಪಿ ಹುಟ್ಟಿದ್ದ ಅಲ್ಲಿ. ಚೂಡಾಮಣಿ ತಂದು ಕೊಟ್ಟಿದ್ದು ಡೆಲಿವರಿ ಪ್ರೂಫು. ಸಂಜೀವಿನಿ ತರಾಕ ಹೋದಾಗ ಐಟಂ ಯಾವುದಂತ ತಿಳೀಲಿಲ್ಲ, ಗುಡ್ಡಾನ ಹೊತ್ಕೊಂಡು ಬಂದ. ಈಗಿನ ಲೆಕ್ಕದಾಗ ಆ ಗುಡ್ಡಾನೂ ಒಂದ ಪೀಸು ಸರ. ಹದಿನಾಲ್ಕು ರೂಪಾಯಿ.

ನಾನು: ಅಂಚೆ ಚೀಲ ನಿಮ್ಮ ಸಂಬಂಧಿಯೆ?

ಚೀಲ: ದೊಡ್ಡಪ್ಪ ಆಗಬೇಕು. ಹಳೇ ಮನೆತನ. ನಿಜಾಮರ ಕಾಲಕ್ಕ ಹೈದರಾಬಾದ್ ಸಂಸ್ಥಾನದ್ದ ಬ್ಯಾರೆ ಸ್ಟ್ಯಾಂಪ್ ಇತ್ತು, ಆ ಕಾಲದಾಗ ಈ ಸೀಮಿ ಪತ್ರ ಹೊತ್ತಾಂವ. ಈಗ ದೊಡ್ಡಪ್ಪ ಗ್ರಾಮೀಣ ಡಾಕ್ ಸೇವಕರ ಹೆಗಲ ಮ್ಯಾಲ ಅದಾನ. ಅವರಿಗೆ ಕಾಗದದಾಗ ದಿನಕ್ಕ ನಾಲ್ಕು ಇಲ್ಲಾ ಐದು ತಾಸಿನ ಕೆಲಸ ಅಂತ ಬರದಾರ, ಮಾಡೋದು ಎಷ್ಟು ಅಂತ ಅವರನ್ನ ಕೇಳ್ರಿ. 2018ರ ಮೇ ತಿಂಗಳದಾಗ ದೇಶದ ತುಂಬ ಮುಷ್ಕರ ಮಾಡಿದ್ರು, ಪಗಾರ ಪರಿಷ್ಕರಣಿ ಆತು. ನನಗ ದೊಡ್ಡಪ್ಪನ ಕಂಡ್ರ ಹೊಟ್ಟಿಕಿಚ್ಚು. ಸುಳ್ಳೋ ಖರೇನೋ, ಅವನಿಗೆ ಒಂದು ತಾಸಿನ ಲೆಕ್ಕ ಐತಿ. ಸುಳ್ಳು ಲೆಕ್ಕ ಇದ್ರ ಜಗಳ ತಗೀಬಹುದು. ಲೆಕ್ಕಾನ ಇಲ್ಲದಲ್ಲಿ ಯಾರ ಜೋಡಿ ಜಗಳ ಮಾಡ್ತೀರಿ?

ನಾನು: ಈಗ ಕಾಯ್ದೆ ಬಂದಿದೆಯಲ್ಲ. 2023ರಲ್ಲಿ ರಾಜಸ್ಥಾನ ಮೊದಲು ಮಾಡಿತು, 2025ರಲ್ಲಿ ಕರ್ನಾಟಕವೂ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇಕಡ 1ರಿಂದ 5ರಷ್ಟು ಕಲ್ಯಾಣ ಶುಲ್ಕ. ಕಾರಣ ಹೇಳದೆ, 14 ದಿನದ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ.

ಚೀಲ: ಚಲೋ ಕಾಯ್ದೆ, ಕೈ ಮುಗೀತೀನಿ. ಬೆಂಗಳೂರಿಂದ ಹೊಂಟೈತಿ, ಔಟ್ ಫಾರ್ ಡೆಲಿವರಿ ಅಂತ ತೋರಸ್ತೈತಿ. ಆದ್ರ ಇಲ್ಲಿ ‘ನಾಳಿಂದ ಬರಬ್ಯಾಡ’ ಅಂತ ಯಾರೂ ಅನ್ನಂಗಿಲ್ರಿ. ಮುಂಜಾನಿ ಬರ್ತಾನ, ರೂಟ್ ಕೊಡಂಗಿಲ್ಲ. ‘ಇವತ್ತು ಲೋಡ್ ಕಮ್ಮಿ.’ ಮರುದಿನಾನೂ ಕಮ್ಮಿ. ನಾಲ್ಕನೇ ದಿನ ಅವನ ಬಿಡ್ತಾನ. ತಗದಿದ್ದ ಇಲ್ಲ ಅಂದ್ರ ನೋಟಿಸ್ ಯಾರಿಗೆ? ಇನ್ನೊಂದು, 2023ರ ಬಜೆಟ್ಟಿನಾಗ ವಿಮಾ ಹೇಳಿದ್ರು. ಅಪಘಾತದಾಗ ಸತ್ರ ನಾಲ್ಕು ಲಕ್ಷ. ಸತ್ರ ನಾಲ್ಕು ಲಕ್ಷ, ಬದುಕಿದ್ರ ಹದಿನಾಲ್ಕು ರೂಪಾಯಿ. ದರದಾಗ ಸ್ವಲ್ಪ ಫರಕೈತಿ.

ನಾನು: ಅಮೆರಿಕದಲ್ಲೂ ಸ್ಥಿತಿ ಬೇರೆ ಇಲ್ಲ. ಚಾಲಕರು ಬಾಟಲಿಯಲ್ಲೇ ಮೂತ್ರ ಮಾಡಬೇಕಾಗುತ್ತದೆ ಎಂಬುದನ್ನು ಅಮೆಜಾನ್ ಮೊದಲು ಅಲ್ಲಗಳೆದು, 2021ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

ಚೀಲ: ಪಾಪ, ಬಡ ದೇಶ. ನಮಗ ಕಾಲುವಿ ದಂಡಿ ತುಂಬ ಜಾಲಿ ಗಿಡ ಅದಾವು.

ಅಷ್ಟರಲ್ಲಿ ಹುಡುಗ ಕೈ ಒರೆಸಿಕೊಳ್ಳುತ್ತ ಓಡಿ ಬಂದ. ಹಬ್ಬಿನಿಂದ ಫೋನು. ಇಪ್ಪತ್ತು ನಿಮಿಷದಿಂದ ಲೊಕೇಶನ್ ಒಂದೇ ಕಡೆ ನಿಂತಿದೆಯಂತೆ, ಕಾರಣ ಹಾಕಬೇಕಂತೆ. ‘ಸರ, ನೀವ ಒಂದು ಮಾತು ಹೇಳ್ರಿ’ ಎಂದು ಫೋನನ್ನು ನನ್ನ ಕೈಗಿತ್ತ. ನಾನು ಪತ್ರಿಕೆಗೆ ಬರೆಯುವವನು, ಸಂದರ್ಶನ ಮಾಡುತ್ತಿದ್ದೆ ಎಂದೆ. ಆ ಕಡೆಯ ದನಿಗೆ ಸಿಟ್ಟೇನೂ ಇರಲಿಲ್ಲ, ಸುಸ್ತಿತ್ತು. ಅವನದೂ ಏಳರಿಂದಲೇ ಇರಬೇಕು. ‘ಅದೆಲ್ಲಾ ಸರಿ ಸರ, ಆಪಿನ ಪಟ್ಟಿಯೊಳಗ ಸಂದರ್ಶನ ಅಂತ ಇಲ್ಲ’ ಎಂದು ಇಟ್ಟುಬಿಟ್ಟ.

ಹುಡುಗ ಪಟ್ಟಿ ತೋರಿಸಿದ. ಗ್ರಾಹಕರು ಲಭ್ಯವಿಲ್ಲ, ವಿಳಾಸ ತಪ್ಪಾಗಿದೆ, ರಸ್ತೆ ಬಂದ್, ವಾಹನ ಕೆಟ್ಟಿದೆ. ಊಟ ಎಂಬ ಕಾರಣ ಅದರಲ್ಲಿ ಇರಲಿಲ್ಲ. ಯೋಚಿಸಿ ‘ವಾಹನ ಕೆಟ್ಟಿದೆ’ ಒತ್ತಿದ. ಫೋಟೊ ಹಾಕಿ ಎಂದಿತು ಆಪು.

ಹುಡುಗ ಚೀಲವನ್ನು ಬೆನ್ನಿಗೇರಿಸಿ, ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಟೈರಿನ ಗಾಳಿ ಬಿಡತೊಡಗಿದ.

‘ಪಂಪ್ ಇಲ್ಲೇ ಮುಂದಿನ ಅಂಗಡ್ಯಾಗ ಐತ್ರಿ ಸರ,’ ಎಂದ. ‘ಹತ್ತು ರೂಪಾಯಿ.’