ಊಟಿ ದೊಡ್ಡಪ್ಪ

ತಾಳ್ಯದಲ್ಲಿ ಯಾರ ಮನೆಯ ಅಟ್ಟದಿಂದ ಸೂಟ್‌ಕೇಸ್ ಕೆಳಗಿಳಿದರೂ ಸುದ್ದಿ ಮೊದಲು ಮುಟ್ಟುವುದು ಟೀ ಅಂಗಡಿಯ ಬೆಂಚಿಗೆ. ಆ ಬೆಂಚಿನ ಎಡತುದಿ ಊಟಿ ದೊಡ್ಡಪ್ಪನದು. ಹೆತ್ತವರು ಇಟ್ಟ ಹೆಸರು ಅವರಿಗೂ ಒಂದಿದೆ. ಅದು ಪಹಣಿಯಲ್ಲಿದೆ, ರೇಷನ್ ಕಾರ್ಡಿನಲ್ಲಿದೆ, ಬಾಯಲ್ಲಿ ಮಾತ್ರ ಇಲ್ಲ. ಈರುಳ್ಳಿಗೆ ಬಂಗಾರದ ರೇಟು ಸಿಕ್ಕಿದ ಒಂದು ವರ್ಷ ಊರಿನ ಹದಿನಾಲ್ಕು ಜನ ಮೆಟಡೋರ್ ಮಾಡಿಕೊಂಡು ಊಟಿಗೆ ಹೋಗಿ ಎರಡು ರಾತ್ರಿ ಇದ್ದು ಬಂದರು. ಹದಿಮೂರು ಜನ ವಾಪಸ್ ಬಂದು ಹೊಲಕ್ಕಿಳಿದರು. ದೊಡ್ಡಪ್ಪ ಇನ್ನೂ ಬಂದಿಲ್ಲ.

ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಒಮ್ಮೆ ಕಾಶಿಗೆ ಹೋದವರು, ಒಮ್ಮೆ ಹೈಕೋರ್ಟಿನ ಮೆಟ್ಟಿಲು ಹತ್ತಿದವರು, ಒಮ್ಮೆ ಹೊಟ್ಟೆ ಕೊಯ್ಸಿಕೊಂಡವರು. ಹತ್ತು ಸಲ ಹೋದವರನ್ನು ಕೇಳಿ ನೋಡಿ, ‘ಒಂದೊಂದು ಸಲ ಒಂದೊಂದು ಥರ ಇರುತ್ತೆ’ ಎಂದು ಜಾರಿಕೊಳ್ಳುತ್ತಾರೆ. ಒಂದೇ ಸಲ ಹೋದವರಿಗೆ ಆ ಅನುಮಾನ ಎಲ್ಲಿಂದ ಬರಬೇಕು?

ನಾನು ಸಿಕ್ಕಿಬಿದ್ದದ್ದು ಮೇ ತಿಂಗಳ ಒಂದು ಬೆಳಿಗ್ಗೆ, ಹಾಲು ತರಲು ಹೋದಾಗ.

“ಏನಪಾ, ಊಟಿಗೆ ಹೊಂಟಿಯಂತೆ?”

“ಹೂಂ ದೊಡ್ಡಪ್ಪ, ಮಕ್ಕಳು ಹಟ ಮಾಡಿದ್ವು.”

“ನಂಗೊಂದು ಮಾತು ಹೇಳ್ದಂಗೆ ಹೊಂಟುಬಿಡಾದಾ? ಕೂತ್ಕ ಇಲ್ಲಿ. ಒಂದು ಟೀ ಹೇಳು. ಬ್ಯಾಡ, ಎರಡು ಹೇಳು, ಮಾತು ಉದ್ದ ಐತೆ.”

ಮೊದಲನೆಯದು ಬಟ್ಟೆ. “ಸ್ವೆಟರ್ ಗಿಟರ್ ಬ್ಯಾಡ. ಚಳ್ಳಕೆರೆ ಕಡೆ ಕಂಬಳಿ ತಗಂಡು ಹೋಗು. ಹೊದ್ಕಾಬೌದು, ಹಾಸ್ಕಾಬೌದು, ಮಳೆ ಬಂದ್ರೆ ಕೊಪ್ಪೆ ಹಾಕ್ಕಾಬೌದು. ನಿನ್ನ ಸ್ವೆಟರ್‌ನ ಹಾಸ್ಕಂಡು ಮಲಗಾಕೆ ಆಗ್ತದಾ?” ಪುಸ್ತಕದ ಲೆಕ್ಕದಲ್ಲಿ ಸಾವಿರ ಮೀಟರ್ ಮೇಲೇರಿದರೆ ಹೆಚ್ಚುಕಡಿಮೆ ಆರೂವರೆ ಡಿಗ್ರಿ ತಂಪು. ಚಿತ್ರದುರ್ಗ ಇರುವುದು 732 ಮೀಟರ್ ಎತ್ತರದಲ್ಲಿ, ಊಟಿ 2,240ರಲ್ಲಿ; ಅಂದರೆ ನಮ್ಮ ಸೀಮೆಗಿಂತ ಹತ್ತು ಡಿಗ್ರಿ ಕಡಿಮೆ ಎಂದಿಟ್ಟುಕೊಳ್ಳಬಹುದು. ದೊಡ್ಡಪ್ಪನ ಲೆಕ್ಕ ಬೀಡಿಯದು. “ನಮ್ಮೂರಲ್ಲಿ ಒಂದು ಬೀಡಿಗೆ ಬಿಡೋ ಚಳಿ ಅಲ್ಲಿ ನಾಲ್ಕು ಬೀಡಿಗೂ ಬಿಡಲ್ಲ.” ಎರಡೂ ಲೆಕ್ಕ ಒಂದೇ ಕಡೆ ಹೋಗಿ ನಿಲ್ಲುತ್ತವೆ. ಆದರೆ ಮಧ್ಯಾಹ್ನದ ಬಿಸಿಲನ್ನು ನಂಬಬೇಡ, ತಲೆಗೆ ಟವೆಲ್ ಸುತ್ತಿಕೋ ಎಂದರು. ಚಳಿ ಇದೆಯೆಂದು ಬರಿ ತಲೆಯಲ್ಲಿ ತಿರುಗಿ ಮೂಗಿನ ಮೇಲಿನ ಸಿಪ್ಪೆ ಎದ್ದವರೊಬ್ಬರ ಕಥೆ ಹೇಳಿದರು. ಯಾರು ಅಂತ ಹೇಳಲಿಲ್ಲ. ಎತ್ತರದ ಊರಿನಲ್ಲಿ ಗಾಳಿ ತೆಳು, ಬಿಸಿಲು ಸೋಸದೆ ಮೈಮೇಲೆ ಬೀಳುತ್ತದೆ. ಇದನ್ನು ನನಗೆ ಶಾಲೆಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಅಷ್ಟು ಹೊತ್ತಿಗೆ ನನಗೊಂದು ಗುಟ್ಟು ಹೊಳೆಯತೊಡಗಿತ್ತು. ದೊಡ್ಡಪ್ಪನ ಪ್ರತಿಯೊಂದು ಸಲಹೆಯ ಕೆಳಗೂ ಒಂದು ಹಳೇ ಗಾಯ ಇರುತ್ತದೆ. “ಘಾಟಿ ಹತ್ತೋ ದಿನ ಮಂಡಕ್ಕಿ-ಮೆಣಸಿನಕಾಯಿ ಮುಟ್ಟಬ್ಯಾಡ” ಎಂದರೆ, ಮಸಿನಗುಡಿಯಿಂದ ಮೇಲೇರುವ ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಯಾವುದೋ ಒಂದರಲ್ಲಿ ಅದು ಹೊರಗೆ ಬಂದಿದೆ ಎಂದರ್ಥ. ಅಲ್ಲಿ ತಿರುವಿಗೊಂದು ನಂಬರಿನ ಬೋರ್ಡು ನೆಟ್ಟಿದ್ದಾರೆ. ಎಷ್ಟನೆಯದು ಎಂದು ಕೇಳಿದೆ. “ಹನ್ನೊಂದು” ಎಂದರು, ತಡವರಿಸದೆ. “ಹಿಂದಿನ ಸೀಟಿನಾಗೆ ಕೂರಬ್ಯಾಡ” ಎಂಬುದೂ ಅದೇ ಕಥೆಯ ಎರಡನೇ ಭಾಗ. “ಬಿಸಿನೀರು ಬರ್ತದಾ ಅಂತ ನಲ್ಲಿ ತಿರುಗಿಸಿ ನೋಡಿ ಆಮ್ಯಾಲೆ ರೂಮಿಗೆ ದುಡ್ಡು ಕೊಡು” ಎಂಬುದರ ಹಿಂದೆ ಏನು ನಡೆದಿರಬಹುದು ಎಂದು ನಾನು ಕೇಳಲಿಲ್ಲ. ಅವರು ಹೆಗಲು ಕುಗ್ಗಿಸಿ ಒಮ್ಮೆ ನಡುಗಿದರು, ಅಷ್ಟೇ ಸಾಕಾಯಿತು.

ಬೇಳೆಯ ವಿಷಯದಲ್ಲಿ ಮಾತ್ರ ಅವರು ವಿಜ್ಞಾನಿ. ಹದಿನಾಲ್ಕು ಜನಕ್ಕೆ ಹೋಟೆಲಿನ ಖರ್ಚು ಯಾಕೆಂದು ಅಕ್ಕಿ, ಬೇಳೆ, ಸೀಮೆಎಣ್ಣೆ ಸ್ಟೌ, ದೊಡ್ಡ ಪಾತ್ರೆ ಎಲ್ಲ ಹೊತ್ತೊಯ್ದಿದ್ದರಂತೆ. “ಅಲ್ಲಿ ನೀರಿಗೆ ಕುದಿಯಾಕೆ ಅವಸರ, ಬ್ಯಾಳಿಗೆ ಬೇಯಾಕೆ ಸೋಮಾರಿತನ. ತಕಪಕ ಕುದೀತು, ಇಳಿಸಿದ್ವಿ, ತಿಂದ್ವಿ. ರಾತ್ರಿ ಇಡೀ ಹದಿನಾಲ್ಕು ಹೊಟ್ಟೆ ಒಂದಕ್ಕೊಂದು ಮಾತಾಡಿದ್ವು.” ನೂರಕ್ಕೆ ನೂರು ನಿಜ. ಆ ಎತ್ತರದಲ್ಲಿ ನೀರು 92-93 ಡಿಗ್ರಿಗೇ ಕುದ್ದುಬಿಡುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಬೇಳೆಗೆ ಅಷ್ಟು ಸಾಲದು. “ಕುಕ್ಕರ್ ತಗಂಡು ಹೋಗು” ಎಂದರು. ನಾವು ಹೋಟೆಲಿನಲ್ಲಿ ತಿನ್ನುತ್ತೇವೆ ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಆ ವರ್ಷದ ಈರುಳ್ಳಿ ರೇಟು, ಈ ವರ್ಷದ್ದು, ಎರಡೂ ಇದ್ದವು.

ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದವರೊಬ್ಬರು ಸುಮ್ಮನಿರಲಾರದೆ, “ಅಷ್ಟು ದೂರ ಯಾಕ್ ಹೋಗ್ಬೇಕು? ದುರ್ಗದ ಜೋಗಿಮಟ್ಟಿಗೆ ಹೋದ್ರೆ ಆತು. ಅದೇ ನಮ್ಮ ಊಟಿ ಅಂತಾರೆ” ಎಂದರು.

“ಜೋಗಿಮಟ್ಟೀಲಿ ಕೆರೆ ಐತಾ?” ಎಂದರು ದೊಡ್ಡಪ್ಪ.

ಆ ಕಡೆಯಿಂದ ಹೊಗೆ ಬಿಟ್ಟು ಬೇರೇನೂ ಬರಲಿಲ್ಲ.

ಕೆರೆಯ ವಿಷಯದಲ್ಲಿ ಅವರನ್ನು ಮಾತಿನಲ್ಲಿ ಸೋಲಿಸುವುದು ಕಷ್ಟ. ಭೀಮಸಮುದ್ರ, ಸೂಳೆಕೆರೆ, ಮಾರಿಕಣಿವೆ ಎಲ್ಲ ನೋಡಿ ಬೆಳೆದ ಕಣ್ಣು. ಊಟಿಯ ಕೆರೆಯನ್ನು 1820ರ ದಶಕದಲ್ಲಿ ಜಾನ್ ಸಲಿವನ್ ಎಂಬ ಕಲೆಕ್ಟರ್ ಹಳ್ಳಗಳಿಗೆ ಒಡ್ಡು ಹಾಕಿಸಿ ಕಟ್ಟಿಸಿದ ಎಂದು ನಾನು ಓದಿದ್ದನ್ನು ಹೇಳಿದೆ. “ಕಟ್ಟಿಸಿದ್ದೇನೋ ಆತು. ಆಮ್ಯಾಲೆ ಅದರ ಅಂಗಳದಾಗೆ ಬಸ್ ಸ್ಟ್ಯಾಂಡ್ ಬಂತು, ಕುದುರೆ ರೇಸ್ ಮೈದಾನ ಬಂತು. ಕೆರೆ ಒತ್ತುವರಿ ನಮ್ಮ ಕಡೆ ಮಾತ್ರ ಅಂದ್ಕಂಡಿದ್ದೆ. ಎಲ್ಲಾ ಕಡೀಗೂ ಒಂದೇ ಬುದ್ಧಿ” ಎಂದರು, ಸ್ವಲ್ಪ ಸಮಾಧಾನದಿಂದಲೇ.

ಆಮೇಲೆ ಕೆರೆ ದಂಡೆಯ ವಿವರಕ್ಕೆ ಬಂದರು. ಅಷ್ಟು ಹೊತ್ತು ಗುಡುಗುತ್ತಿದ್ದ ದನಿ ಇಲ್ಲಿ ಮೆತ್ತಗಾಯಿತು. “ಟಿಕೆಟ್ ಕೊಡೋ ಕಿಟಕಿ ದಾಟಿ ಬೇಲಿ ಪಕ್ಕ ಹೋಗು. ಅಲ್ಲಿ ಬೆಂಚು ಅದಾವೆ. ಮೂರನೇದು ಹಿಡಿ. ನಾಲ್ಕು ಗಂಟೆ ತನಕ ಬಿಸಿಲು ಬೀಳ್ತದೆ, ಗಾಳಿ ಬೆನ್ನಿಗೆ ಬರಲ್ಲ. ಕೋತಿ ಎಡಗಡೆ ಮರದಿಂದ ಇಳೀತವೆ. ಬ್ಯಾಗಿನ ಜಿಪ್ ಬಿಚ್ಚಾದು ಕಲ್ತಾವೆ, ಜಿಪ್ ನಿನ್ನ ಮೈ ಕಡೆ ಇರ್ಲಿ. ಕಡ್ಲೆಕಾಯಿ ಪೊಟ್ಟಣ ಮಡಿಲಾಗೆ ಇಡಬ್ಯಾಡ.”

“ಮತ್ತೆ ದೋಣಿ, ದೊಡ್ಡಪ್ಪ?”

“ದೋಣಿ... ಅಲ್ಲಾಡ್ತದೆ. ಗಟ್ಟಿ ಹಿಡ್ಕ” ಎಂದು ಟೀ ಲೋಟ ಎತ್ತಿದರು.

ಅವರ ಊಟಿ ಹಳೆಯದಾಗಿ ಉಳಿದಿದೆ ಎಂದುಕೊಂಡರೆ ತಪ್ಪು. ಹೋಗಿ ಬಂದ ಪ್ರತಿಯೊಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಬಾಯಿ ಬಿಡಿಸುತ್ತಾರೆ. ಹಳೇ ಕಂಬಳಿಗೆ ಹೊಸ ತೇಪೆ ಬೀಳುತ್ತಲೇ ಇರುತ್ತದೆ. 2009ರಿಂದ ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಮುಚ್ಚುತ್ತದೆ, ಗುಂಡ್ಲುಪೇಟೆಯಲ್ಲಿ ಊಟಕ್ಕೆ ಹೆಚ್ಚು ಹೊತ್ತು ಕೂತರೆ ಅಲ್ಲೇ ಮಲಗಬೇಕಾಗುತ್ತದೆ ಎಂದರು. 2024ರ ಮೇ 7ರಿಂದ ನೀಲಗಿರಿಗೆ ಕಾರು ಒಯ್ಯಲು ಇ-ಪಾಸ್ ಬೇಕು, ಸರ್ಕಾರಿ ಬಸ್ಸಿಗೆ ಬೇಡ ಎಂಬುದೂ ಗೊತ್ತು. ಮೊಬೈಲಿನಲ್ಲಿ ಹಸಿರು ಗುಂಡಿ ಯಾವುದು, ಕೆಂಪು ಗುಂಡಿ ಯಾವುದು ಎಂದು ಇನ್ನೂ ಮೊಮ್ಮಗಳನ್ನು ಕೇಳುವ ಮನುಷ್ಯ, ಇ-ಪಾಸ್ ವಿಷಯಕ್ಕೆ ಮೂವರು ಡ್ರೈವರುಗಳಿಗೆ ಪಾಠ ಹೇಳಿದ್ದಾರೆ. ಪ್ಲಾಸ್ಟಿಕ್ ನೀರಿನ ಬಾಟಲಿ ಚೆಕ್‌ಪೋಸ್ಟಿನಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ, ಸ್ಟೀಲಿನ ತಂಬಿಗೆ ತಗೊಂಡು ಹೋಗು ಎಂದರು. ರೈಲಿನ ಬಗ್ಗೆಯೂ ಹೇಳಿದರು: ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್, ನಡುವೆ ಒಂದಷ್ಟು ದೂರ ಹಲ್ಲಿನ ಹಳಿಯ ಮೇಲೆ, ತೆವಳುವ ಪುಟಾಣಿ ರೈಲು ನಮ್ಮ ದಾರಿಗೆ ಬರುವುದಿಲ್ಲ. ಮೈಸೂರಿನ ಕಡೆಯಿಂದ ಹೋದವರು ಊಟಿಯಿಂದ ಕೂನೂರಿನ ತನಕ ಹತ್ತಿ ಇಳಿದರೆ ಸಾಕು. ಅದಕ್ಕೂ ಟಿಕೆಟ್ ಮೊದಲೇ ಮಾಡಿಸು.

ಈ ಜ್ಞಾನಕ್ಕೆ ಒಂದೇ ಒಂದು ದೋಷವಿದೆ. ಭೂಮಿಯ ಮೇಲಿನ ಎತ್ತರದ ಜಾಗಗಳೆಲ್ಲ ದೊಡ್ಡಪ್ಪನಿಗೆ ಊಟಿಯೇ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಓಣಿಯ ಹುಡುಗನೊಬ್ಬ ಲೇಹ್‌ಗೆ ಹೊರಟಾಗ, ಪ್ಯಾಂಗಾಂಗ್ ಸರೋವರವನ್ನೂ ನೋಡುತ್ತೇನೆ ಎಂದಾಗ, “ಅದೂ ಕೆರೆನೇ ತಾನೆ?” ಎಂದು ಇದೇ ಕಂಬಳಿ, ಇದೇ ಕುಕ್ಕರ್, ಇದೇ ಜಿಪ್ಪಿನ ಉಪದೇಶ ಕೊಟ್ಟು ಕಳಿಸಿದರು. ಲೇಹ್ ಇರುವುದು 3,500 ಮೀಟರಿನಲ್ಲಿ, ಪ್ಯಾಂಗಾಂಗ್ 4,200ಕ್ಕೂ ಮೇಲೆ. ಊಟಿಯ ಎತ್ತರಕ್ಕೆ ಸಾಮಾನ್ಯವಾಗಿ ಯಾರಿಗೂ ಏನೂ ಆಗುವುದಿಲ್ಲ, ತಲೆ ಸುತ್ತಿದರೆ ಅದು ಘಾಟಿಯ ತಿರುವಿನದು. ಎರಡೂವರೆ ಸಾವಿರ ಮೀಟರ್ ದಾಟಿದ ಮೇಲೆ ಗಾಳಿಯೇ ಕೈಕೊಡುತ್ತದೆ. ವಿಮಾನದಲ್ಲಿ ನೇರ ಇಳಿದವರು ಮೊದಲ ಎರಡು ದಿನ ಸುಮ್ಮನೆ ಮಲಗಿರಬೇಕು, ನೀರು ಕುಡಿಯುತ್ತಿರಬೇಕು, ಅವಸರ ಮಾಡಬಾರದು. ಹುಡುಗ ಇಳಿದ ದಿನವೇ ಬೈಕ್ ಬಾಡಿಗೆಗೆ ತಗೊಂಡು ತಿರುಗಿ, ತಲೆ ಸಿಡಿದು, ವಾಂತಿ ಮಾಡಿಕೊಂಡು ರಾತ್ರಿ ಮನೆಗೆ ಫೋನ್ ಮಾಡಿದ. ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. “ಮೆಣಸಿನಕಾಯಿ ತಿಂದಿದ್ನಾ ಕೇಳಿ.”

ನಾವು ಹೊರಟೆವು. ಕಂಬಳಿ ನನ್ನವಳಿಗೆ ಇಷ್ಟವಿರಲಿಲ್ಲ. ಡಿಕ್ಕಿಯ ತಳದಲ್ಲಿ ಬಚ್ಚಿಟ್ಟೆ. ಮೊದಲ ರಾತ್ರಿ ಲಾಡ್ಜಿನವರು ಕೊಟ್ಟ ರಗ್ಗು ಮೊಣಕಾಲಿಗೆ ಮುಗಿದುಹೋದಾಗ ಅವಳೇ ಹೋಗಿ ತಂದಳು, ಮಾತಾಡಲಿಲ್ಲ. ಮರುದಿನ 1848ರಲ್ಲಿ ಶುರುವಾದ ಸಸ್ಯೋದ್ಯಾನ ನೋಡಿದೆವು. ಹೂವಿಗಿಂತ ಜನ ಹೆಚ್ಚಿದ್ದರು. 2,637 ಮೀಟರಿನ ದೊಡ್ಡಬೆಟ್ಟಕ್ಕೆ ಹತ್ತಿದಾಗ ಮೋಡ ಕವಿದಿತ್ತು. ದೊಡ್ಡಬೆಟ್ಟ ಎಂಬ ಹೆಸರು ಮಾತ್ರ ಸ್ಪಷ್ಟವಾಗಿ ಕಂಡಿತು. ಮಾರ್ಕೆಟ್ಟಿನಲ್ಲಿ ಕ್ಯಾರೆಟ್ ಮಾರುತ್ತಿದ್ದ ಬಡಗರ ಅಜ್ಜಿಯೊಬ್ಬರ ಹತ್ತಿರ ನಿಧಾನವಾಗಿ ಕನ್ನಡ ಮಾತಾಡಿದೆ, ಅವರು ಬಡಗದಲ್ಲಿ ಉತ್ತರ ಕೊಟ್ಟರು, ವ್ಯಾಪಾರ ಮುಗಿಯಿತು. ಇದನ್ನೂ ದೊಡ್ಡಪ್ಪ ಮೊದಲೇ ಹೇಳಿದ್ದರು: “ನಮ್ಮ ಮಾತೇ ಕಣಪ್ಪ, ಚಳಿಗೆ ಮುದುರ್ಕಂಡೈತೆ, ಅಷ್ಟೆ.”

ಮೂರನೇ ದಿನ ಕೆರೆಗೆ ಹೋದೆವು. ದೋಣಿಯ ಕ್ಯೂ ಉದ್ದವಿತ್ತು. ಟಿಕೆಟ್ ಸಿಗುವ ಹೊತ್ತಿಗೆ ಜೊತೆಗೆ ಬಂದಿದ್ದ ನಾದಿನಿಯ ಕೂಸು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು. ನಮ್ಮ ಹತ್ತಿರ ನಾಲ್ಕು ಬ್ಯಾಗು, ಎರಡು ಕೊಡೆ, ವರ್ಕಿ ಪೊಟ್ಟಣ, ನೀಲಗಿರಿ ಎಣ್ಣೆಯ ಶೀಶೆಗಳು, ಒದ್ದೆಯಾದೀತೆಂದು ಮಕ್ಕಳು ಬಿಚ್ಚಿಕೊಟ್ಟ ಬೂಟು. “ನೀವು ಇಲ್ಲೇ ಇರ್ತೀರಲ್ಲ?” ಎಂದಳು ನನ್ನವಳು. ಅದು ಪ್ರಶ್ನೆಯಂತೆ ಕೇಳಿಸಿತು, ಪ್ರಶ್ನೆಯಾಗಿರಲಿಲ್ಲ.

ಬೇಲಿ ಪಕ್ಕ ಬೆಂಚುಗಳಿದ್ದವು. ಒಂದು, ಎರಡು, ಮೂರು. ಮೂರನೆಯದು ಖಾಲಿಯಿತ್ತು. ಬಿಸಿಲು ಬೀಳುತ್ತಿತ್ತು, ಬೆನ್ನಿಗೆ ಗಾಳಿ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಡೆಯ ಮರದಿಂದ ಒಂದು ಕೋತಿ ಇಳಿದು ಬಂದು ನನ್ನೆದುರು ಕೂತು, ವರ್ಕಿ ಪೊಟ್ಟಣವನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡಿತು. ಜಿಪ್ಪುಗಳನ್ನೆಲ್ಲ ಮೈ ಕಡೆ ತಿರುಗಿಸಿಕೊಂಡೆ. ದೂರದಲ್ಲಿ ದೋಣಿಯಿಂದ ಮಕ್ಕಳು ಕೈಬೀಸಿದರು. ಕೈ ಎತ್ತಿದರೆ ಕೂಸು ಏಳುತ್ತದೆ ಎಂದು ಗೋಣು ಹಾಕಿದೆ. ಒಂದು ಗಂಟೆ ಕೂತಿದ್ದೆ. ನಾಲ್ಕಕ್ಕೆ ಸರಿಯಾಗಿ ಬೆಂಚಿನ ಮೇಲಿನ ಬಿಸಿಲು ಜಾರಿತು. ಹದಿಮೂರು ಜನರ ಚಪ್ಪಲಿ ಒಟ್ಟು ಇಪ್ಪತ್ತಾರು ಎಂದು ಯಾಕೋ ಲೆಕ್ಕ ಹಾಕಿದೆ.

ಊರಿಗೆ ಬಂದ ಮರುದಿನ ಹಾಲಿಗೆ ಹೋದಾಗ ಬೆಂಚಿನ ಎಡತುದಿಯಿಂದ ಕೂಗು ಬಂತು.

“ಹೆಂಗಪಾ? ಕಂಬಳಿ ಬೇಕಾತಾ?”

“ಬೇಕಾತು ದೊಡ್ಡಪ್ಪ.”

“ದೋಣಿ ಅಲ್ಲಾಡ್ತಾ?”

“ಅಲ್ಲಾಡ್ತು.”

“ಗಟ್ಟಿ ಹಿಡ್ಕಂಡ್ಯಾ?”

“ಗಟ್ಟಿಯಾಗೇ ಹಿಡ್ಕಂಡಿದ್ದೆ.”

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಟೀ ಅಂಗಡಿಯವನ ಕಡೆ ಎರಡು ಬೆರಳು ತೋರಿಸಿದರು. ಆವತ್ತು ದುಡ್ಡು ಅವರೇ ಕೊಟ್ಟರು.