ರಾಯರ ಮೌನ

ಸರಕಾರಿ ಸೇವೆಯಿಂದ ನಿವೃತ್ತರಾಗಿ, ಮಕ್ಕಳ ಮದುವೆ ಮುಂಜಿಗಳನ್ನು ಪೂರೈಸಿ, ಸಕ್ಕರೆ ಕಾಯಿಲೆಯನ್ನು ಗುಳಿಗೆಗಳ ಬಲದಿಂದ ಹದ್ದಿನಲ್ಲಿಟ್ಟುಕೊಂಡು, ಇನ್ನು ಈ ಜನ್ಮದಲ್ಲಿ ಸಾಧಿಸಬೇಕಾಗಿ ಉಳಿದಿರುವುದು ಆತ್ಮಸಾಕ್ಷಾತ್ಕಾರವೊಂದೇ ಎಂಬ ನಿಶ್ಚಯಕ್ಕೆ ಬಂದಿರುವ ಸಜ್ಜನರು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಇದ್ದೇ ಇರುವರು. ನಮ್ಮ ಬೀದಿಯ ಪಾಲಿಗೆ ಬಂದವರು ರಾಯರು. ಲೆಕ್ಕಪತ್ರಗಳ ನಡುವೆ ಆಯುಷ್ಯವನ್ನು ಸವೆಸಿದ ಈ ಮಹನೀಯರು ವರ್ಷಕ್ಕೊಮ್ಮೆ ತಿರುವಣ್ಣಾಮಲೆಯ ರಮಣಾಶ್ರಮಕ್ಕೆ ಮೌನಾಚರಣೆಗೆಂದು ತೆರಳುವರು. ತೆರಳುವ ಮುನ್ನ ಹಾಲಿನವನಿಗೆ, ಪೇಪರಿನ ಹುಡುಗನಿಗೆ, ಉದ್ಯಾನದ ಬೆಂಚಿನ ಮಿತ್ರಮಂಡಲಿಗೆ, ಮನೆಯ ಮುಂದೆ ಹಾದುಹೋಗುವ ಅಪರಿಚಿತರಿಗೆ ಸಹ, ತಾವು ಇನ್ನು ಕೆಲವು ದಿವಸ ಯಾರೊಡನೆಯೂ ಮಾತನಾಡುವುದಿಲ್ಲವೆಂಬ ಸಂಗತಿಯನ್ನು ಸವಿಸ್ತಾರವಾಗಿ ತಿಳಿಸುವರು.

ಈ ಸಲ ಅವರ ಜತೆಗೆ ನಾನೂ ಹೊರಟೆ. ಹೋಗುವ ದಾರಿಯುದ್ದಕ್ಕೂ ಅವರು ನನಗೆ ಮೌನದ ತತ್ತ್ವವನ್ನು ಬೋಧಿಸಿದರು. 1896ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮನೆಬಿಟ್ಟು ಅರುಣಾಚಲ ಬೆಟ್ಟದ ಪಾದಕ್ಕೆ ಬಂದ, ಮುಂದೆ ರಮಣ ಮಹರ್ಷಿಗಳೆನಿಸಿದ ಬಾಲಕನು ಹೇಗೆ ಮಾತನ್ನೇ ತೊರೆದನೆಂಬುದನ್ನೂ, 1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೆಯವರು ಬಂದು ಪ್ರಶ್ನೆಗಳನ್ನು ಕೇಳಲು ಹೇಗೆ ಬರೆದು ತೋರಿಸಿಯೇ ಉತ್ತರವಿತ್ತನೆಂಬುದನ್ನೂ, ಆ ಉತ್ತರಗಳೇ ಮುಂದೆ ‘ನಾನು ಯಾರು’ ಎಂಬ ಪುಟ್ಟ ಪುಸ್ತಕವಾದುದನ್ನೂ ಹೇಳಿ, ಅದೇ ಸಂಪ್ರದಾಯವನ್ನು ಅನುಸರಿಸಿ ತಾವೂ ಒಂದು ಕಟ್ಟು ಚೀಟಿಗಳನ್ನು ತಂದಿರುವುದಾಗಿ ಜೇಬನ್ನು ತಟ್ಟಿ ತೋರಿಸಿದರು. ಮನಸ್ಸು ಅಡಗದೆ ಬಾಯಿಯನ್ನು ಮಾತ್ರ ಕಟ್ಟಿದರೆ ಅದು ಮೌನವಲ್ಲವೆಂಬುದು ಮಹರ್ಷಿಗಳ ಅಭಿಪ್ರಾಯವಾಗಿತ್ತೆಂದು ನಾನು ಮೆಲ್ಲನೆ ನೆನಪಿಸಿದೆ. “ಅದು ಮುಂದಿನ ಮೆಟ್ಟಿಲು ಕಣ್ರೀ, ಮೊದಲು ಬಾಯಿ ಕಟ್ಟೋಣ,” ಎಂದು ರಾಯರು ಮುಂದುವರಿದರು.

ಆಶ್ರಮದಲ್ಲಿ ಅವರಿಗೊಂದು ಅನಿರೀಕ್ಷಿತ ಸಂಕಟ ಕಾದಿತ್ತು. ಮಹರ್ಷಿಗಳು ಅನೇಕ ವರ್ಷ ಕುಳಿತಿದ್ದ ಹಳೆಯ ಸಭಾಂಗಣದಲ್ಲಿ ರಾಯರು ಕೊರಳಿಗೆ ‘ಮೌನವ್ರತ’ ಎಂದು ಬರೆದ ಬಿಲ್ಲೆಯನ್ನು ತೂಗುಬಿಟ್ಟುಕೊಂಡು, ಬೆನ್ನನ್ನು ನೆಟ್ಟಗೆ ನಿಲ್ಲಿಸಿ, ತುಟಿಗಳನ್ನು ಬಿಗಿದು ಕುಳಿತರೇನೋ ನಿಜ; ಆದರೆ ಅಲ್ಲಿದ್ದ ಜರ್ಮನಿಯ ಮುದುಕಿಯೂ ಸುಮ್ಮನಿದ್ದಳು, ಮದುರೆಯ ಮೇಷ್ಟರೂ ಸುಮ್ಮನಿದ್ದರು, ಗೋಡೆಗೊರಗಿದ ಆಂಧ್ರದ ದಂಪತಿಗಳೂ ಸುಮ್ಮನಿದ್ದರು. ಸಕಲರೂ ಮೌನಿಗಳಾಗಿರುವ ಸ್ಥಳದಲ್ಲಿ ಒಬ್ಬನ ಮೌನಕ್ಕೆ ಬೆಲೆ ಕಟ್ಟುವವರು ಯಾರು? ಮಧ್ಯಾಹ್ನ ಹನ್ನೊಂದೂವರೆಗೆ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಬಡಿಸುವವನು ಅವರ ಬಿಲ್ಲೆಯತ್ತ ಕಣ್ಣೆತ್ತಿಯೂ ನೋಡದೆ, ಕೈ ಅಡ್ಡ ಮಾಡಲಿಲ್ಲವೆಂಬ ಒಂದೇ ಕಾರಣದಿಂದ ಎರಡನೆಯ ಬಾರಿಗೆ ಅನ್ನವನ್ನು ಸುರಿದು ಮುಂದಕ್ಕೆ ಹೋದನು. ಅಂಗಳದಲ್ಲಿ ಕೂಗುತ್ತ ತಿರುಗುವ ನವಿಲುಗಳಿಗಿದ್ದ ಪ್ರಾಮುಖ್ಯವೂ ತಮಗಿಲ್ಲವೆಂಬುದು ರಾಯರಿಗೆ ಅಂದೇ ವಿದಿತವಾಯಿತು.

ಮರುದಿನ ಅವರ ವ್ರತ ಸಡಿಲವಾಯಿತು. 1948ರಲ್ಲಿ ಗತಿಸಿದ ಲಕ್ಷ್ಮಿಯೆಂಬ ಹಸುವಿನ ಸಮಾಧಿಯ ಬಳಿ ನಿಂತಿದ್ದ ಒಂದು ಕುಟುಂಬಕ್ಕೆ, ಅವರು ಕೇಳದಿದ್ದರೂ, ಆ ಗೋವಿಗೆ ಮೋಕ್ಷ ಲಭಿಸಿದ ವೃತ್ತಾಂತವನ್ನು ಪಿಸುಮಾತಿನಲ್ಲಿ ಆರಂಭಿಸಿದ ರಾಯರು, ಸ್ಕಂದಾಶ್ರಮದ ಮೆಟ್ಟಿಲುಗಳನ್ನು ಹತ್ತುವ ವೇಳೆಗೆ ಪೂರ್ಣಸ್ವರಕ್ಕೆ ಏರಿ, ಸುಮಾರು ಹದಿನಾಲ್ಕು ಕಿಲೋಮೀಟರಿನ ಗಿರಿಪ್ರದಕ್ಷಿಣೆಯಲ್ಲಿ ಅಷ್ಟಲಿಂಗಗಳನ್ನೂ ಪಿಂಚಣಿ ಪರಿಷ್ಕರಣೆಯನ್ನೂ ಒಟ್ಟಿಗೇ ಪ್ರತಿಪಾದಿಸಿದರು. ಬಿಲ್ಲೆ ಮಾತ್ರ ಕೊರಳಲ್ಲೇ ಇತ್ತು.

ಅವರ ನಿಜವಾದ ಮೌನ ಪ್ರಾರಂಭವಾದದ್ದು ಹಿಂದಿರುಗುವ ಬಸ್ಸಿನಲ್ಲಿ. ಅರವತ್ತು ಜನ ಏಕಕಾಲದಲ್ಲಿ ಮಾತನಾಡುತ್ತಿದ್ದ ಆ ವಾಹನವನ್ನು ಕಂಡೊಡನೆಯೇ ರಾಯರ ಮುಖದಲ್ಲಿ ಅಪೂರ್ವವಾದೊಂದು ಕಳೆ ಮೂಡಿತು. ಇಲ್ಲಿ ತಾವೊಬ್ಬರೇ ಮೌನಿಯಾಗಬಹುದೆಂಬುದು ಅವರಿಗೆ ಹೊಳೆದಿರಬೇಕು. ಟಿಕೇಟಿನ ಹಣವನ್ನು ನಾನು ಕೊಡಹೋದರೆ ಕಣ್ಣಿನಿಂದಲೇ ತಡೆದು, ಐನೂರರ ನೋಟಿನೊಡನೆ ‘ಬೆಂಗಳೂರು 2’ ಎಂಬ ಕನ್ನಡದ ಚೀಟಿಯೊಂದನ್ನು ನಿರ್ವಾಹಕನಿಗೆ ನೀಡಿದರು. ಆತನು ಚೀಟಿಯನ್ನು ನೇರವಾಗಿಯೂ ತಲೆಕೆಳಗಾಗಿಯೂ ಹಿಡಿದು ನೋಡಿ, ಕೊರಳ ಬಿಲ್ಲೆಯನ್ನೂ ದಿಟ್ಟಿಸಿ, “ಪಾವಂ, ಊಮೈ,” ಎಂದು ಮರುಕಗೊಂಡು, ನನ್ನನ್ನು ಕೇಳಿ ಟಿಕೇಟು ಹರಿದು, ಬಾಕಿ ನಲವತ್ತು ರೂಪಾಯಿಯನ್ನು ಅದರ ಬೆನ್ನಿಗೆ ಬರೆದುಕೊಟ್ಟನು.

ಸುದ್ದಿ ಬಸ್ಸನ್ನೆಲ್ಲ ವ್ಯಾಪಿಸಿತು. ಕಿಟಕಿಯ ಪಕ್ಕದ ಆಸನವನ್ನು ಒಬ್ಬ ತರುಣ ಬಿಟ್ಟುಕೊಟ್ಟನು. ಹೊಸೂರಿನ ಕಡೆಯ ಅಜ್ಜಿಯೊಬ್ಬಳು ಮುರುಕಿನ ಪೊಟ್ಟಣವನ್ನು ಬಿಚ್ಚಿ, “ತಿನ್ನಿ ಸಾಮಿ, ಬಾಯಿಲ್ಲದ ಜೀವ,” ಎಂದು ಕೈಗಿತ್ತಳು. ಮೌನಿಯೆಂಬ ಗೌರವವನ್ನು ಬಯಸಿದವರಿಗೆ ಮೂಗನೆಂಬ ಅನುಕಂಪ ದೊರೆತದ್ದು ರಾಯರಿಗೆ ಮುಳ್ಳಿನಂತೆ ಚುಚ್ಚುತ್ತಿತ್ತೆಂಬುದು ಅವರ ಹುಬ್ಬುಗಳಿಂದ ವ್ಯಕ್ತವಾಗುತ್ತಿತ್ತು. ಆದಾಗ್ಯೂ ಅದನ್ನು ತಿದ್ದಬೇಕಾದರೆ ಬಾಯಿ ತೆರೆಯಬೇಕು. ಮುರುಕು ತಿನ್ನುವುದಕ್ಕೆ ಮಾತ್ರ ತೆರೆದರು. ಚೆಂಗಂ ಕಳೆಯಿತು. ರಾಯರು ಪರ್ವತದಂತೆ ಅಚಲರಾಗಿದ್ದರು.

ಕೃಷ್ಣಗಿರಿಯಲ್ಲಿ ನಿರ್ವಾಹಕನು ಇಳಿಯುವವರಿಗೆಲ್ಲ ಚಿಲ್ಲರೆ ಹಂಚುತ್ತ ಬಂದು, ರಾಯರ ಆಸನದವರೆಗೆ ಬಂದವನು, ಅದೇಕೋ ಬೆನ್ನು ತಿರುಗಿಸಿ ಮುಂದಕ್ಕೆ ಹೊರಟನು. ಮೂವತ್ತೈದು ವರ್ಷಗಳ ಲೆಕ್ಕಪತ್ರದ ಸಂಸ್ಕಾರವು ಆ ಕ್ಷಣದಲ್ಲಿ ವೇದಾಂತವನ್ನು ಮೆಟ್ಟಿ ನಿಂತಿತು.

“ಏನಯ್ಯಾ! ನನ್ನ ನಲವತ್ತು ರೂಪಾಯಿ ಎಲ್ಲಿ?”

ಬಸ್ಸು ಸ್ತಬ್ಧವಾಯಿತು. ಮುರುಕಿನ ಅಜ್ಜಿಯು ಎದ್ದು ನಿಂತು, ಎರಡು ಕೈಗಳನ್ನೂ ತಲೆಯ ಮೇಲೆ ಜೋಡಿಸಿ, “ಮಾದೇವ ಬಾಯಿ ಕೊಟ್ಟುಬುಟ್ಟ ನೋಡ್ರಪ್ಪೋ! ಅಣ್ಣಾಮಲೈಯಾರುಕ್ಕು ಅರೋಹರಾ!” ಎಂದು ಕೂಗಲು, ಅರವತ್ತು ಕಂಠಗಳು ಅದಕ್ಕೆ ದನಿಗೂಡಿಸಿದವು. ಚಾಲಕನು ಕೂಡ ಎಂಜಿನನ್ನು ನಿಲ್ಲಿಸಿ ಹಿಂದಿರುಗಿ ಕೈಮುಗಿದನು. ರಾಯರು “ಅಯ್ಯೋ, ಹಾಗಲ್ಲಮ್ಮ, ನಾನು ಮೊದಲಿಂದಲೂ—” ಎಂದು ತೊಡಗಿದರೆ, ಉಚ್ಚರಿಸಿದ ಒಂದೊಂದು ಶಬ್ದವೂ ಪವಾಡಕ್ಕೆ ಹೊಸ ಪುರಾವೆಯಾಗಿ ಪರಿಣಮಿಸಿ ಘೋಷವು ಇಮ್ಮಡಿಸುತ್ತಿತ್ತು. ಅವರು ನನ್ನತ್ತ ದೀನರಾಗಿ ನೋಡಿದರು. ನಾನು ಕಿಟಕಿಯಿಂದಾಚೆಗೆ ಮಾವಿನ ತೋಪುಗಳ ಸೌಂದರ್ಯವನ್ನು ಅವಲೋಕಿಸುವುದರಲ್ಲಿ ಮಗ್ನನಾಗಿದ್ದೆ.

ಹೊಸೂರು ಬರುವಷ್ಟರಲ್ಲಿ ಅಜ್ಜಿಯು ರಾಯರ ಪರವಾಗಿ ಹರಕೆಯನ್ನೂ ಹೊತ್ತುಬಿಟ್ಟಿದ್ದಳು: ಮುಂದಿನ ಹುಣ್ಣಿಮೆಗೆ ಬರಿಗಾಲಿನಲ್ಲಿ ಗಿರಿಯನ್ನು ಸುತ್ತಿ, ಮುಡಿ ಕೊಡತಕ್ಕದ್ದು. ರಾಯರು ಟೋಪಿಯನ್ನು ತೆಗೆದು, ಕೊಡುವುದಕ್ಕೆ ತಮ್ಮಲ್ಲಿ ಏನೂ ಉಳಿದಿಲ್ಲವೆಂಬುದನ್ನು ನಿರ್ವಿವಾದವಾಗಿ ತೋರಿಸಿದರು. “ಬಾಯಿ ಕೊಟ್ಟವನು ಕೂದಲು ಕೊಡಾಕಿಲ್ವಾ ಸಾಮಿ?” ಎಂದು ಅಜ್ಜಿ ಅಭಯವಿತ್ತು ಇಳಿದುಹೋದಳು.

ನಿರ್ವಾಹಕನು ಬೆಂಗಳೂರಿನವರೆಗೂ ರಾಯರ ಮುಂದೆ ಹಾದುಹೋದಾಗಲೆಲ್ಲ ಭಕ್ತಿಯಿಂದ ಕೈಮುಗಿಯುತ್ತಿದ್ದನು. ದೇವರೇ ಸ್ವತಃ ಬಾಯಿ ಕೊಟ್ಟವರು ಮತ್ತೊಮ್ಮೆ ಚಿಲ್ಲರೆ ಕೇಳುವುದೆಂತು? ಟಿಕೇಟನ್ನು ರಾಯರು ಇಂದಿಗೂ ಇಟ್ಟುಕೊಂಡಿದ್ದಾರೆ. ಆಶ್ರಮಕ್ಕೆ ಸಂದ ಕಾಣಿಕೆಯ ಬಾಬ್ತಿನಲ್ಲಿ ಆ ನಲವತ್ತು ರೂಪಾಯಿಯನ್ನು ಜಮಾಖರ್ಚಿನ ಪುಸ್ತಕದಲ್ಲಿ ತೋರಿಸಬಹುದೇ ಎಂಬ ಬಗ್ಗೆ ಮೊನ್ನೆ ನನ್ನ ಸಲಹೆಯನ್ನು ಕೇಳಿದರು.