ಗೊಬ್ಬರದ ಲೆಕ್ಕದಲ್ಲೊಂದು ಜಿಪ್ಸಿ

ಅರೇಹಳ್ಳಿ ಸೀಮೆಯಲ್ಲಿ ಹಿಂದೆ ಹೆಣ್ಣು ಕೊಡಲು ಬಂದವರು ಮೊದಲು ತೋಟ ನೋಡುತ್ತಿದ್ದರು, ಆಮೇಲೆ ಕಾಫಿ ಒಣಗಿಸುವ ಕಣ, ಆಮೇಲೆ ಜೀಪಿನ ಶೆಡ್ಡು. ಹುಡುಗನ ಸರದಿ ಕಾಫಿ ಕುಡಿದಾದ ಮೇಲೆ. ನಮ್ಮ ಶೆಡ್ಡಿನಲ್ಲಿದ್ದ ಮಾರುತಿ ಜಿಪ್ಸಿ ನೋಡಿ ಸಂಬಂಧಕ್ಕೆ ಒಪ್ಪಿದವರು ಮಾವ. ಅದರ ಖರ್ಚು ನೋಡುತ್ತಾ ಕೂತವಳು ಅವರ ಮಗಳು.

ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ, 970 ಸಿಸಿ ಎಂಜಿನ್ ಹೊತ್ತು. 1996ರಲ್ಲಿ 1298 ಸಿಸಿಯ ‘ಜಿಪ್ಸಿ ಕಿಂಗ್’ ಬಂತು. 2000ದ ಹೊತ್ತಿಗೆ ಕಾರ್ಬುರೇಟರ್ ತೆಗೆದು ಎಂಪಿಎಫ್‌ಐ ಕೂರಿಸಿದರು. ನಮ್ಮದು 1997ರದು. ರಾಜನೇನೋ ಹೌದು, ಆದರೆ ಕಾರ್ಬುರೇಟರ್ ಇರುವ ರಾಜ. ಡಿಸೆಂಬರಿನ ಚಳಿಯಲ್ಲಿ, ಕಾಫಿ ಹಣ್ಣು ಕುಯ್ಯುವ ಆಳುಗಳು ಬುತ್ತಿ ಹಿಡಿದು ಕಾಯುತ್ತಿರುವಾಗ, ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದು ಕೆಮ್ಮು, ಎರಡು ಕೆಮ್ಮು, ಆಮೇಲೆ ಮೌನ. ಆಳುಗಳು ಬುತ್ತಿ ಕೆಳಗಿಟ್ಟು ಹಿಂದಕ್ಕೆ ಹೋಗುತ್ತಾರೆ. ತಳ್ಳಬೇಕೆಂದು ಯಾರೂ ಹೇಳಬೇಕಾಗಿಲ್ಲ. ಅದು ಅವರ ದಿನಗೂಲಿಯಲ್ಲೇ ಸೇರಿಹೋಗಿದೆ.

ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೇರೆ. ಹಳೇ ಗಾಡಿಯ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಅದನ್ನು ತಡೆದುಕೊಳ್ಳುವಂತೆ ಮಾಡಿರಲಿಲ್ಲ. “ಅಣ್ಣ, ಪೈಪು ಮೆತ್ತಗಾಗಿದೆ” ಎಂದು ಮೆಕ್ಯಾನಿಕ್ ಹೇಳಿದರೆ ನನ್ನ ಎದೆಯೂ ಮೆತ್ತಗಾಗುತ್ತದೆ. ಟ್ಯಾಂಕಿಗೆ ಹಿಡಿಯುವುದು ನಲವತ್ತು ಲೀಟರು; ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ನಮ್ಮ ಪುಣ್ಯ.

ಇವೆಲ್ಲ ಸಣ್ಣ ಕಾಯಿಲೆ. ಜಿಪ್ಸಿಯ ಮನೆತನದ ಕಾಯಿಲೆ ಎಂದರೆ ಸ್ಟೇರಿಂಗ್ ನಡುಕ. ಬಿಕ್ಕೋಡಿನ ಕಡೆ ಹೋಗುವಾಗ ಐವತ್ತರ ಸ್ಪೀಡಿನಲ್ಲಿ ಒಂದು ಗುಂಡಿಗೆ ಚಕ್ರ ಇಳಿದರೆ ಸಾಕು, ಸ್ಟೇರಿಂಗ್‌ಗೆ ದೇವರು ಬಂದುಬಿಡುತ್ತದೆ. ಕೈ, ತೋಳು, ಕೆನ್ನೆ ಎಲ್ಲ ನಡುಗಿ, ಗಾಡಿ ಪೂರ್ತಿ ನಿಂತ ಮೇಲೇ ಇಳಿಯುವುದು. ಪಕ್ಕದಲ್ಲಿ ಕೂತ ಅತ್ತೆಯವರು ಮೊದಲ ಸಲ ಇದನ್ನು ಕಂಡು ಬೇಲೂರಿನ ಚೆನ್ನಕೇಶವನಿಗೆ ಹರಕೆ ಹೊತ್ತರು. ಹರಕೆಯ ಖರ್ಚನ್ನೂ ಗಾಡಿಯ ಖಾತೆಗೇ ಬರೆಯಬೇಕೆಂಬುದು ನನ್ನ ಹೆಂಡತಿಯ ವಾದ.

ಈ ನಡುಕಕ್ಕೆ ಊರಲ್ಲಿ ತಲೆಗೊಂದು ಔಷಧ. ವೀಲ್ ಬ್ಯಾಲೆನ್ಸಿಂಗ್ ಎಂದ ಒಬ್ಬ, ಮಾಡಿಸಿದೆ. ಟೈ ರಾಡ್ ಎಂಡ್ ಎಂದ ಇನ್ನೊಬ್ಬ, ಹಾಕಿಸಿದೆ. ಸ್ಟೇರಿಂಗ್ ಡ್ಯಾಂಪರ್ ಎಂದ ಮತ್ತೊಬ್ಬ, ಅದೂ ಆಯಿತು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ಕೊಬ್ಬರು ಮುಂದಿನ ಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ, ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಟಕ್, ಟಕ್. “ಕೇಳ್ತಾ? ಕಿಂಗ್ ಪಿನ್ ಬೇರಿಂಗ್ ಹೋಗಿದೆ” ಎಂದರು. ಬಿಚ್ಚಿ ನೋಡಿದರೆ ಬೇರಿಂಗಿನ ರೋಲರುಗಳು ಕೂತಲ್ಲೇ ಗೆರೆ ಕೊರೆದಿದ್ದವು. ಒಳಗಿನ ಆಯಿಲ್ ಸೀಲ್ ಹರಿದು, ಗ್ರೀಸೆಲ್ಲ ಸೋರಿ, ಚಕ್ರದ ಒಳಮೈಗೆ ಕಪ್ಪು ರಾಗಿ ಅಂಬಲಿ ಬಳಿದ ಹಾಗಿತ್ತು. ಬೇರಿಂಗು, ಸೀಲು, ಶಿಮ್ಮು ಎಲ್ಲ ಸೇರಿ ಆದ ಬಿಲ್ಲು, ಅದಕ್ಕೆ ಮೊದಲು ಕುಡಿಸಿದ ಔಷಧಗಳ ಅರ್ಧ ಕೂಡ ಆಗಲಿಲ್ಲ. ಹಳೇ ಜಿಪ್ಸಿಯಲ್ಲಿ ದುಬಾರಿ ಎಂದರೆ ಬಿಡಿಭಾಗವಲ್ಲ, ಸಲಹೆ.

ಫೋರ್ ವೀಲ್ ಡ್ರೈವ್ ವಿಷಯಕ್ಕೆ ಬಂದರೆ, ನಮ್ಮ ಗಾಡಿಯಲ್ಲಿ ಇಳಿದು ಮುಂದಿನ ಹಬ್ಬುಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಜುಲೈ ಮಳೆಯಲ್ಲಿ, ಜಿಗಣೆಗಳ ಸಮ್ಮುಖದಲ್ಲಿ, ಮೊಣಕಾಲೂರಿ. ಬೆಂಗಳೂರಿನ ಭಾವಮೈದ ಒಮ್ಮೆ ತೋಟದಲ್ಲಿ ಇದನ್ನು ಕಲಿತವನು, ಆ ಖುಷಿಗೆ ಟಾರು ರಸ್ತೆಯಲ್ಲೂ ಬೇಲೂರಿನ ತನಕ ಫೋರ್ ವೀಲ್‌ನಲ್ಲೇ ಹೋಗಿಬಂದ. ಜಿಪ್ಸಿಯಲ್ಲಿ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳಬೇಕು. ಕೆಸರಾದರೆ ಜಾರಿ ಸರಿಮಾಡಿಕೊಳ್ಳುತ್ತದೆ, ಟಾರಿನ ಮೇಲೆ ಜಾರಲು ಜಾಗವೆಲ್ಲಿ? ಆ ಬಿಗಿತವನ್ನೆಲ್ಲ ನುಂಗಬೇಕಾದದ್ದು ಟ್ರಾನ್ಸ್‌ಫರ್ ಕೇಸು ಮತ್ತು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಅವನು ಬಸ್ಸು ಹತ್ತಿ ಹೋದ. ಕ್ರಾಸು ನನ್ನ ಹೆಗಲೇರಿತು.

ಖರ್ಚು ಹೀಗೆ ಬರುವಾಗ ಮನೆಯ ಲೆಕ್ಕದ ಪುಸ್ತಕದಲ್ಲಿ ‘ಜಿಪ್ಸಿ’ ಎಂದು ಬರೆಯುವ ಧೈರ್ಯ ಯಾವ ಗಂಡಸಿಗಿದೆ? ಕ್ಲಚ್ ಪ್ಲೇಟು ‘ಸುಣ್ಣ’ವಾಯಿತು, ಕಮಾನು ಪಟ್ಟಿ ‘ಯೂರಿಯಾ’ ಆಯಿತು, ಕ್ರಾಸು ‘ಮೈಲುತುತ್ತ’ವಾಯಿತು. ಲೆಕ್ಕ ಸರಾಗವಾಗಿ ನಡೆದಿತ್ತು, ನನ್ನವಳು ಒಂದು ಸಂಜೆ ಕನ್ನಡಕ ಏರಿಸಿಕೊಂಡು ಕೂರುವ ತನಕ.

“ಏನ್ರೀ, ಬೋರ್ಡೋ ಹೊಡೆಯೋದು ಮಳೆಗೆ ಮುಂಚೆ ಅಲ್ವಾ? ಜನವರೀಲಿ ಯಾಕೆ ಇಷ್ಟು ಮೈಲುತುತ್ತ?”

“ಮುಂದೆ ರೇಟು ಜಾಸ್ತಿಯಾಗುತ್ತೆ ಅಂತ...”

“ಅದನ್ನ ಹಾಸನದ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಮಾರ್ತಾರಾ? ಬಿಲ್ಲು ನಿಮ್ಮ ಜೇಬಲ್ಲೇ ಇತ್ತು, ಒಗೆಯೋಕೆ ಹಾಕುವಾಗ ಸಿಕ್ತು.”

ಅಮ್ಮ ಒಳಗಿನಿಂದಲೇ, “ಅದಕ್ಕೇ ಕಣೋ ಈ ವರ್ಷ ಮೆಣಸಿನ ಬಳ್ಳಿಗೆ ಕೊಳೆ ಬಿದ್ದಿದ್ದು. ಔಷಧಿಯೆಲ್ಲ ಗಾಡಿ ಕುಡಿದಿದೆ” ಎಂದರು.

ಅಂದಿನಿಂದ ಜಿಪ್ಸಿಗೆ ಬೇರೆ ನೋಟ್‌ಬುಕ್ಕು. ಮೊದಲ ಪುಟದಲ್ಲಿ ಅವಳೇ ಬರೆದಿರುವುದು ಆರ್‌ಸಿ ನವೀಕರಣದ ದಿನಾಂಕ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ಮಾಡಿಸಬೇಕು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಜೊತೆಗೆ ಹಸಿರು ತೆರಿಗೆ, ವಿಮೆ, ಹೊಗೆ ಪರೀಕ್ಷೆ. ಮನುಷ್ಯರಿಗೆ ವಯಸ್ಸಾದರೆ ಸರ್ಕಾರ ಪಿಂಚಣಿ ಕೊಡುತ್ತದೆ, ಗಾಡಿಗೆ ವಯಸ್ಸಾದರೆ ವಸೂಲಿ ಮಾಡುತ್ತದೆ. ಇದನ್ನು ಗಟ್ಟಿಯಾಗಿ ಹೇಳಿದರೆ ಅವಳು, “ಹಾಗಾದ್ರೆ ಗುಜರಿಗೆ ಹಾಕಿ” ಎನ್ನುತ್ತಾಳೆ. ಆದ್ದರಿಂದ ಗಟ್ಟಿಯಾಗಿ ಹೇಳುವುದಿಲ್ಲ.

ಕಾಫಿಗೆ ರೇಟು ಬಂದ ಮೇಲೆ ಪಕ್ಕದ ತೋಟದವರು ಥಾರ್ ತಂದರು. ಏಸಿ ಇದೆ, ಮಳೆ ಒಳಗೆ ಬರುವುದಿಲ್ಲ. ನಮ್ಮದಕ್ಕೆ ಕ್ಯಾನ್ವಾಸ್ ಟಾಪು; ಹಿಂದಿನ ಅಡ್ಡ ಸೀಟಿನಲ್ಲಿ ಮದುವೆಗೆ ಹೊರಟ ಅತ್ತಿಗೆಯರು ಕೊಡೆ ಬಿಚ್ಚಿಕೊಂಡೇ ಕೂರುತ್ತಾರೆ. ಆದರೂ ನಮ್ಮ ಮೇಲಿನ ತೋಟದ ಕಡಿದಾದ ದಾರಿಯಲ್ಲಿ, ಎರಡು ಕಾಫಿ ಗಿಡಗಳ ನಡುವಿನ ಸಂದಿಯಲ್ಲಿ ತೂರಿ ಮೂಟೆ ಇಳಿಸಿಕೊಂಡು ಬರುವುದು ಒಂದು ಟನ್ನಿನ ಆಸುಪಾಸು ತೂಗುವ ಈ ತಗಡಿನ ಡಬ್ಬಿಯೇ. ಆನೆ ಬಂದಿದೆ ಎಂದು ಫೋನು ಬಂದ ರಾತ್ರಿಗಳಲ್ಲಿ ಮಾತ್ರ ನಾನು ಇದನ್ನು ನಂಬುವುದಿಲ್ಲ. ಸೆಲ್ಫ್ ಹೊಡೆದರೆ ಒಂದು ಕೆಮ್ಮು ಎಂದೆನಲ್ಲ. ಅದನ್ನು ಆನೆಯೂ ಕೇಳಿಸಿಕೊಳ್ಳುತ್ತದೆ.

ಹಳೇ ಜಿಪ್ಸಿ ಕೊಳ್ಳುವ ಆಸೆ ಇರುವವರು ಬಣ್ಣ ನೋಡಬೇಡಿ. ಮ್ಯಾಟು ಎತ್ತಿ ನೆಲದ ತಗಡು ನೋಡಿ, ಕೆಳಗೆ ಬಗ್ಗಿ ಕಮಾನು ಪಟ್ಟಿ ಕೂರುವ ಕಡೆ ಚಾಸಿಗೆ ತುಕ್ಕು ಹಿಡಿದಿದೆಯೇ ನೋಡಿ, ಆರ್‌ಸಿಯ ಕೊನೆಯ ದಿನಾಂಕ ನೋಡಿ. ಮತ್ತೆ, ನಿಮ್ಮ ಊರಿನ ಗುಜರಿಯಲ್ಲಿ ಎಡಗಡೆಯ ಮುಂದಿನ ಹಬ್ಬು ಒಳ್ಳೆಯದೊಂದು ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಸಿ. ಫೋನು ಹೆಂಡತಿ ಎತ್ತಿದರೆ ಯೂರಿಯಾ ಬಂದಿದೆ ಎಂದಷ್ಟೇ ಹೇಳಿ.